ಅವನ ಬಾಯಲ್ಲಿ ಅವರ ದನಿ

ಅವರ ಎರಡೂ ಹೆಬ್ಬೆರಳು ಗಂಡಸರ ಹೆಬ್ಬೆರಳಿನ ಹಾಗೆ ಅಗಲವಾಗಿದ್ದವು. ತುದಿ ಚಪ್ಪಟೆ, ಉಗುರು ಮೋಟಾಗಿ ಕತ್ತರಿಸಿದ್ದು. ಯಾರೇ ಹೊಸ ಟ್ಯಾಬ್ ತಂದು ಮೇಜಿನ ಮೇಲಿಟ್ಟರೂ ಅದನ್ನು ಆನ್ ಮಾಡುವ ಮೊದಲು ಎರಡೂ ಕೈಯಲ್ಲಿ ಅಡ್ಡಲಾಗಿ ಹಿಡಿದು, ಆ ಹೆಬ್ಬೆರಳುಗಳನ್ನು ಅದರ ಬೆನ್ನಿನ ನಡುವಿಗೆ ಊರಿ ಮೆಲ್ಲಗೆ ಒತ್ತುತ್ತಿದ್ದರು. ಒಳಗೆ ಏನಾದರೂ ಕಟಕ್ ಎನ್ನುತ್ತದೋ ಎಂದು ಕಿವಿ ಹತ್ತಿರ ತರುತ್ತಿದ್ದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ, “ಬಗ್ಗತ್ತೆ” ಅನ್ನುತ್ತಿದ್ದರು. ತಂದವರ ಮುಖ ಸಣ್ಣಗಾಗುತ್ತಿತ್ತು.

ನನ್ನ ಮಗನಿಗೆ ಮಾತು ಕಲಿಸಿದ ಟೀಚರ್ ಅವರು. ಕಲಿಸಿದರು ಅನ್ನುವುದು ಪೂರ್ತಿ ಸರಿಯಲ್ಲ. ಪುಟ್ಟು ಇವತ್ತಿಗೂ ಬಾಯಿ ಬಿಟ್ಟು ಮಾತಾಡುವುದಿಲ್ಲ. ಅವನ ಕತ್ತಿನಲ್ಲಿ ಪಟ್ಟಿ ಕಟ್ಟಿದ ಒಂದು ಟ್ಯಾಬ್ ನೇತಾಡುತ್ತಿರುತ್ತದೆ. ಅದರ ತುಂಬ ಚೌಕ ಚೌಕವಾದ ಮನೆಗಳು, ಒಂದೊಂದು ಮನೆಯಲ್ಲೂ ಒಂದು ಚಿತ್ರ. ಲೋಟದ ಚಿತ್ರ ಒತ್ತಿದರೆ “ನೀರು” ಎಂದು ದನಿ ಬರುತ್ತದೆ. ತಟ್ಟೆ ಒತ್ತಿದರೆ “ಹಸಿವು.” ನನ್ನ ಫೋಟೋ ಒತ್ತಿದರೆ “ಅಮ್ಮಾ.” ಆ ದನಿ ಟೀಚರದ್ದು. ಇದೊಂದು ವಿಷಯ ನನಗೆ ಎಷ್ಟು ವರ್ಷ ನುಂಗಲಾರದ ತುತ್ತಾಗಿತ್ತು ಎಂದು ಹೇಳಿದರೆ ನನ್ನನ್ನು ಕೆಟ್ಟವಳು ಅಂದುಕೊಳ್ಳಬೇಡಿ.

ನಾವು ದಾವಣಗೆರೆ ಕಡೆಯವರು. ಮದುವೆಯಾಗಿ ಬಂದಾಗಿನಿಂದ ನಾನು ಮದರಾಸಿನ ಪೋರೂರಿನವಳು. ಇಲ್ಲಿ ನನ್ನ ಗಂಡನದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಪುಟ್ಟುವಿಗೆ ಮೂರು ತುಂಬಿದರೂ ಮಾತು ಬರಲಿಲ್ಲ. ಹೋದಲ್ಲೆಲ್ಲ ತಮಿಳಿನಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಕಲಿಸುತ್ತೇವೆ ಅಂದರು. ಮನೆಯಲ್ಲಿ ಕನ್ನಡ, ಅಲ್ಲಿ ಇನ್ನೊಂದು ಅಂದರೆ ಮೊದಲೇ ಬಾಯಿ ತೆರೆಯದ ಮಗು ಏನಾಗಬೇಕು? ಕ್ರೋಂಪೇಟೆಯಲ್ಲಿ ಕನ್ನಡದವರೇ ಒಬ್ಬರು ಇದ್ದಾರೆ ಎಂದು ಯಾರೋ ಹೇಳಿದರು. ಬಸ್ಸಿನಲ್ಲಿ, ಆಮೇಲೆ ಶೇರ್ ಆಟೋದಲ್ಲಿ ಮಗುವನ್ನು ಎತ್ತಿಕೊಂಡು ಹೋದೆ. ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಒಂದು ಮನೆ. ಕೆಳಗೆ ಅವರೂ ಅವರ ಅಕ್ಕನೂ ಇದ್ದರು, ಮಹಡಿಯ ಮೇಲೆ ಮಕ್ಕಳ ಕೋಣೆ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ಮಾಧ್ವರ ಮನೆ. ಅಕ್ಕ ತಂಗಿ ಇಬ್ಬರೂ ಮದುವೆಯಾಗಿರಲಿಲ್ಲ. ಅವರ ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು.

“ಕೊಂಜಂ ಇರಮ್ಮಾ, ಅವನನ್ನ ಕೆಳಗೆ ಬಿಡಿ. ಎತ್ಕೊಂಡೇ ಇದ್ರೆ ಅವನಿಗೇನು ಬೇಕು ಅಂತ ಕೇಳೋ ಅಗತ್ಯಾನೇ ಬರಲ್ವಲ್ಲ” ಎಂದದ್ದು ಅವರು ನನಗೆ ಹೇಳಿದ ಮೊದಲ ಮಾತು. ನನಗೆ ಸಿಟ್ಟು ಬಂತು. ಮಗುವನ್ನು ಎತ್ತಿಕೊಳ್ಳುವುದೂ ತಪ್ಪಾಯಿತೇ ಎಂದುಕೊಂಡೆ. ಕೆಳಗೆ ಬಿಟ್ಟೆ. ಯಾರ ಹತ್ತಿರವೂ ಹೋಗದ ನನ್ನ ಮಗ ನೇರವಾಗಿ ಹೋಗಿ ಅವರ ಸೀರೆಯ ನಿರಿಗೆ ಹಿಡಿದು ನಿಂತ.

ಅವರು ಅವನ ಕೈಗೆ ಒಂದು ಹಳೆಯ ಟ್ಯಾಬ್ ಕೊಟ್ಟರು. ಅಡುಗೆಮನೆಯ ಮಣೆಯಷ್ಟು ದಪ್ಪ, ಮೂಲೆಗಳಿಗೆಲ್ಲ ರಬ್ಬರು, ಹಿಂದೆ ಹಿಡಿಕೆ. ಅದರಲ್ಲಿ ಮೊದಲೇ ಇದ್ದ ಕನ್ನಡದ ಯಂತ್ರದ ದನಿ ಪ್ಲಾಟ್‌ಫಾರಂ ನಂಬರು ಹೇಳುವವರ ಹಾಗಿತ್ತು. “ಈ ದನೀಲಿ ಯಾರಾದ್ರೂ ಅಮ್ಮನ್ನ ಕರೀತಾರಾ?” ಎಂದು ಅವರೇ ಕೂತು ಒಂದೊಂದು ಮಾತನ್ನೂ ತಮ್ಮ ದನಿಯಲ್ಲಿ ಹೇಳಿ ತುಂಬಿಸಿದರು. “ಊಟ” ಎಂಬ ಮಾತಿನ ಹಿಂದೆ ಎಲೆಕ್ಟ್ರಿಕ್ ಟ್ರೈನಿನ ಹಾರನ್ ಕೇಳಿಸುತ್ತಿತ್ತು. ಕಿಟಕಿ ಮುಚ್ಚಿ ಇನ್ನೊಂದು ಸಲ ಹೇಳಬಹುದಿತ್ತು. “ಇರ್ಲಿ ಬಿಡಿ, ಊಟದ ಹೊತ್ತಿಗೆ ಟ್ರೈನ್ ಬರೋದು ನಿಜಾನೇ ಅಲ್ವಾ” ಎಂದರು.

“ನಾನೇ ಹೇಳ್ತೀನಿ ಟೀಚರ್, ನನ್ನ ದನಿ ಹಾಕಿ” ಎಂದು ಆವತ್ತೇ ಕೇಳಿದ್ದೆ.

“ಬೇಡಮ್ಮಾ. ನಿಮ್ಮ ದನಿ ಅವನಿಗೆ ಹೊರಗಿಂದ ಬರೋ ದನಿ. ಹುಟ್ಟಿದಾಗಿಂದ ನಿಮ್ಮ ಬಾಯಿಂದ ಬರೋದನ್ನ ನೋಡಿದಾನೆ. ಅದು ಅಮ್ಮಂದು ಅಂತ ಅವನಿಗೆ ಗೊತ್ತು. ಅವನದು ಅಂತ ಒಂದು ಬೇಕಲ್ಲ.”

ಅವರ ಮಾತಿನಲ್ಲಿ ಅರ್ಥವಿತ್ತು. ಆದರೆ ಅರ್ಥವಾದದ್ದೆಲ್ಲ ಒಳಗೆ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಪುಟ್ಟು ಏನನ್ನೂ ಒತ್ತಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಟ್ಟುತ್ತಿದ್ದೆ. ಹಿಂದಿನಿಂದ ಟೀಚರ್ ಕರೆದರು. “ಅಮ್ಮಾ. ನೀರು.” ಬೆಚ್ಚಿ ತಿರುಗಿದರೆ ಪುಟ್ಟು ನಿಂತಿದ್ದ, ಟ್ಯಾಬಿನ ಮೇಲೆ ಬೆರಳಿಟ್ಟುಕೊಂಡು. ನಾನು ಅತ್ತುಬಿಟ್ಟೆ. ಸುದ್ದಿ ಕೇಳಿ ನನ್ನ ಗಂಡ ಅಂಗಡಿ ಬಿಟ್ಟು ಓಡಿಬಂದರು. ಎಲ್ಲರೂ ಅದು ಸಂತೋಷದ ಅಳು ಅಂದುಕೊಂಡರು. ಮುಕ್ಕಾಲು ಪಾಲು ಸಂತೋಷವೇ. ಮಿಕ್ಕ ಪಾಲು ಬೇರೆಯದು. ನನ್ನ ಮಗ ನನ್ನನ್ನು ಮೊದಲ ಸಲ ಕರೆದಾಗ ಬಂದ ದನಿ ಬೇರೆ ಹೆಂಗಸಿನದು.

ಆಮೇಲೆ ಅದು ದಿನದ ಬದುಕಾಯಿತು. ನನ್ನ ಮನೆಯಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಟೀಚರ್ ನೀರು ಕೇಳುತ್ತಿದ್ದರು, ಆಟ ಕೇಳುತ್ತಿದ್ದರು, ಉಪ್ಪಿಟ್ಟು ಬೇಡ ಅನ್ನುತ್ತಿದ್ದರು. “ಟೀಚರ್ ನಮ್ಮನೀಗೇ ಬಂದು ಕುಂತಂಗಾತು ನೋಡು” ಎಂದು ಇವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಕ್ರೋಂಪೇಟೆಯ ಮೆಟ್ಟಿಲು ಹತ್ತುವಾಗ ಪುಟ್ಟು ನನ್ನ ಕೈ ಬಿಟ್ಟು ಓಡುತ್ತಿದ್ದ. ಓಡುತ್ತಲೇ “ಟೀಚರ್ ಬಾ, ಟೀಚರ್ ಬಾ” ಎಂದು ಒತ್ತುತ್ತಿದ್ದ. ಅವರದೇ ದನಿಯಲ್ಲಿ ಅವರನ್ನೇ ಕರೆಯುತ್ತಿದ್ದ. ಅವರು ಮೇಲಿಂದ “ಬಂದೆ ಕಣ್ಣಾ, ಬಂದೆ” ಎನ್ನುತ್ತಿದ್ದರು. ಹಿಂದೆ ಅವನ ಚೀಲ, ನೀರಿನ ಬಾಟಲಿ ಹೊತ್ತುಕೊಂಡು ಏದುಸಿರು ಬಿಡುತ್ತಾ ಹತ್ತುವವಳು ನಾನು.

ಟ್ಯಾಬಿನ ವಿಷಯದಲ್ಲಿ ಅವರ ಹಟ ಕ್ರೋಂಪೇಟೆಗೆಲ್ಲ ಗೊತ್ತಿತ್ತು. ಕಂಪನಿಗಳು ವರ್ಷ ವರ್ಷ ಇನ್ನೂ ತೆಳುವಾಗಿ ಮಾಡುತ್ತಿದ್ದವು, ಟೀಚರ್ ವರ್ಷ ವರ್ಷ ಇನ್ನೂ ಸಿಡುಕುತ್ತಿದ್ದರು. ಒಮ್ಮೆ ಬೇರೊಂದು ಮಗುವಿಗೆ ಕೊಳ್ಳಲು ಹೋದಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ದೊಡ್ಡ ಶೋರೂಮು. ಟೈ ಕಟ್ಟಿದ ಸೇಲ್ಸ್‌ಮನ್ ಒಂದನ್ನು ಎರಡು ಬೆರಳಲ್ಲಿ ಎತ್ತಿ ಅಡ್ಡಲಾಗಿ ಹಿಡಿದು ತೋರಿಸಿದ. “ಮೇಡಂ, ಪೆನ್ಸಿಲಿಗಿಂತ ತೆಳು!”

“ಇದರ ಮೇಲೆ ಒಂದು ಮಗು ಕೂತ್ರೆ?” ಎಂದು ತಮಿಳಿನಲ್ಲಿ ಕೇಳಿದರು.

ಅವನಿಗೆ ಅರ್ಥವಾಗಲಿಲ್ಲ. “ಮಗು ಇದರ ಮೇಲೆ ಯಾಕೆ ಕೂರುತ್ತೆ ಮೇಡಂ?”

“ಮಗು ಆಗಿರೋದಕ್ಕೆ” ಎಂದು ಹೇಳಿ ಹೆಬ್ಬೆರಳು ಊರಿಯೇಬಿಟ್ಟರು. ಆತ ಹೌಹಾರಿ ಕಿತ್ತುಕೊಂಡ. ಹೊರಗೆ ಬಂದು ಕಬ್ಬಿನ ಹಾಲು ಕುಡಿಯುವಾಗ ನನಗೆ ಹೇಳಿದರು: “ಇವರೆಲ್ಲ ಇದನ್ನ ಸಿನಿಮಾ ನೋಡೋ ಸಾಮಾನು ಅಂದ್ಕೊಂಡಿದಾರೆ. ನನ್ನ ಮಕ್ಕಳಿಗೆ ಇದು ಬಾಯಿ. ಬಾಯಿ ಬಗ್ಗಿದ್ರೆ ಹೇಗಮ್ಮಾ?”

ನನ್ನ ಮಕ್ಕಳು ಅಂದರು. ಕಬ್ಬಿನ ಹಾಲು ನನಗೆ ಸಪ್ಪೆಯಾಯಿತು.

ಪುಟ್ಟುವಿನ ಹುಟ್ಟುಹಬ್ಬಕ್ಕೆ ನನ್ನ ಗಂಡ ಒಂದು ಹೊಸ ಟ್ಯಾಬ್ ತಂದರು. ಹೊಸ ಸಾಮಾನು ಕಂಡರೆ ಇವರಿಗೆ ಮೊದಲಿನಿಂದಲೂ ಜೀವ. “ನೋಡಿಲ್ಲಿ, ಎಷ್ಟು ತೆಳ್ಳಗೈತಿ! ಹೋಳಿಗಿ ಇದ್ದಂಗೈತಿ” ಎಂದು ಅಂಗೈ ಮೇಲೆ ಇಟ್ಟು ತೋರಿಸಿದರು. ಪರದೆ ದೊಡ್ಡದು, ಬಣ್ಣಗಳು ಕಣ್ಣು ಕುಕ್ಕುವ ಹಾಗೆ. ನನಗೂ ಹಿಡಿಸಿತು. ಅದು ನಮ್ಮದು ಎಂಬುದೇ ನನಗೆ ಹೆಚ್ಚು ಹಿಡಿಸಿತು. ಟೀಚರ್ ಕೊಟ್ಟ ಹಳೆಯದನ್ನು ವಾಪಸು ಕೊಡಬಹುದಲ್ಲ! ಇವರು ಒಂದು ಭಾನುವಾರ ಕೂತು ಅದರಲ್ಲಿದ್ದದ್ದನ್ನೆಲ್ಲ ಇದಕ್ಕೆ ತುಂಬಿಸಿದರು. ಪರದೆ ದೊಡ್ಡದಾದ್ದರಿಂದ ಮನೆಗಳ ಜಾಗವೆಲ್ಲ ಬದಲಾಯಿತು. ಪುಟ್ಟು ಎರಡೇ ದಿನಕ್ಕೆ ಹೊಸ ಜಾಗಗಳನ್ನು ಕಲಿತ. “ಅಮ್ಮ ಅನ್ನೋದೊಂದಕ್ಕೆ ನನ್ನ ದನಿ ಹಾಕ್ರಿ” ಎಂದು ಇವರನ್ನು ಕೇಳಿಕೊಂಡೆ. ಹಾಕಿಕೊಟ್ಟರು.

ಪುಟ್ಟು ಅದನ್ನು ಒತ್ತಿದ. ನನ್ನ ದನಿ ಬಂತು. ತಟ್ಟನೆ ತಲೆಯೆತ್ತಿ ನನ್ನ ತುಟಿ ನೋಡಿದ. ತುಟಿ ಅಲ್ಲಾಡಲಿಲ್ಲ. ಇನ್ನೊಂದು ಸಲ ಒತ್ತಿ ಇನ್ನೊಂದು ಸಲ ನೋಡಿದ. ಆಮೇಲೆ ಆ ಮನೆಯನ್ನು ಒತ್ತುವುದನ್ನೇ ಬಿಟ್ಟ. ನೀರು ಕೇಳಿದ, ಹಸಿವು ಅಂದ, ಆದರೆ ನನ್ನನ್ನು ಕರೆಯಲಿಲ್ಲ. ಒಂದು ವಾರ ತಡೆದುಕೊಂಡೆ. ಆಮೇಲೆ ನಾನೇ ಇವರಿಗೆ ಹೇಳಿ ಟೀಚರ ದನಿಯನ್ನೇ ವಾಪಸು ಹಾಕಿಸಿದೆ. ಹಾಕಿದ ತಕ್ಷಣ ಬಂದು “ಅಮ್ಮಾ, ಅಮ್ಮಾ, ಅಮ್ಮಾ” ಎಂದು ಒತ್ತಿ ಒತ್ತಿ ನನ್ನ ಹೊಟ್ಟೆಗೆ ಮುಖ ಒರೆಸಿದ. ಆವತ್ತು ಅವರ ಮೇಲೆ ನನಗೆ ಬಂದಷ್ಟು ಹೊಟ್ಟೆಕಿಚ್ಚು ಜೀವಮಾನದಲ್ಲಿ ಯಾರ ಮೇಲೂ ಬಂದಿಲ್ಲ.

ಹೊಸದನ್ನು ಟೀಚರ್ ನೋಡಿದರು. ಹೆಬ್ಬೆರಳು ಊರಿದರು. ನಾನು ಕಾದಿದ್ದೆ. “ಚೆನ್ನಾಗಿದೆ” ಅಂದರು. ಆಮೇಲೆ ಮೆಲ್ಲಗೆ, “ಹಳೇದೂ ನಿಮ್ಮ ಹತ್ರಾನೇ ಇರ್ಲಿ” ಎಂದರು.

“ಬೇಡ ಟೀಚರ್, ಬೇರೆ ಮಕ್ಕಳಿಗೆ ಆಗುತ್ತೆ” ಎಂದು ಮೇಜಿನ ಮೇಲಿಟ್ಟೆ. ಅವರು ಒತ್ತಾಯ ಮಾಡಲಿಲ್ಲ.

ಬಗ್ಗಿದ್ದು ಯಾವಾಗ ಎಂದು ನಮಗೆ ಗೊತ್ತಾಗಲಿಲ್ಲ. ಬಸ್ಸಿನ ನೂಕಾಟದಲ್ಲೋ, ಸೋಫಾದ ಮೇಲೆ ಅವನು ಮಂಡಿಯೂರಿದಾಗಲೋ. ಒಂದು ದಿನ ಊಟದ ಮೇಜಿನ ಮೇಲೆ ಇಟ್ಟಾಗ ಅದು ಅಲ್ಲಾಡಿತು, ಕುಂಟು ಕುರ್ಚಿಯ ಹಾಗೆ. ಕಣ್ಣಮಟ್ಟಕ್ಕೆ ಎತ್ತಿ ನೋಡಿದರೆ ನಡುವೆ ಒಂದು ಸಣ್ಣ ಬಾಗು. ಕೊಂಡ ಅಂಗಡಿಯಲ್ಲಿ “ಬಾಗಿದ್ದು ವಾರಂಟಿಗೆ ಬರಲ್ಲ ಸರ್” ಎಂದರು. ಕೆಲಸ ಮಾಡುತ್ತಿದೆಯಲ್ಲ, ಇರಲಿ ಎಂದುಕೊಂಡೆವು. ಸ್ವಲ್ಪ ದಿನಕ್ಕೆ ಪರದೆಯ ಬಲಗಡೆ ಒಂದು ಕಪ್ಪು ಗೆರೆ ಬಂತು. ಆಮೇಲೆ ಒಂದು ಶನಿವಾರ ಬೆಳಗ್ಗೆ ಬಲಗಡೆಯ ಅಂಚು ಪೂರ್ತಿ ಕಪ್ಪಾಯಿತು. ಅಲ್ಲಿದ್ದ ಮನೆಗಳೆಲ್ಲ ಹೋದವು. ಸಂಜೆ ರಿಪೇರಿಗೆ ಕೊಡುತ್ತೇನೆ ಎಂದು ಇವರು ಅಂಗಡಿಗೆ ಹೋದರು.

ಹತ್ತು ಗಂಟೆಯ ಹೊತ್ತಿಗೆ ಪುಟ್ಟು ಅಳಲು ಶುರುಮಾಡಿದ. ಮೈ ಬಿಸಿ ಇತ್ತು. ಏನು ಕೊಟ್ಟರೂ ತಳ್ಳಿದ. ಟ್ಯಾಬನ್ನು ನೆಲದ ಮೇಲಿಟ್ಟುಕೊಂಡು ಆ ಕಪ್ಪು ಅಂಚಿಗೆ ಬೆರಳಿನಿಂದ ಕುಟ್ಟಿದ, ಕುಟ್ಟಿದ, ಆಮೇಲೆ ತಲೆಯನ್ನು ಗೋಡೆಗೆ ಗುದ್ದಿಕೊಳ್ಳತೊಡಗಿದ. ಇವರಿಗೆ ಫೋನ್ ಮಾಡಿದೆ, ಅಂಗಡಿಯಿಂದ ದೂರದ ಹೊಸ ಗೋದಾಮಿಗೆ ಹೋಗಿದ್ದರು, ಬರಲು ಹೊತ್ತಾಗುತ್ತಿತ್ತು. ಇನ್ನು ಯಾರಿದ್ದಾರೆ? ನನಗೆ ಆಗದವರಿಗೇ ಫೋನ್ ಮಾಡಿದೆ. ಅವರು ಉಳಿದ ಮಕ್ಕಳನ್ನು ಅಕ್ಕನಿಗೆ ಒಪ್ಪಿಸಿ ಆಟೋ ಹಿಡಿದು ಬಂದರು. ಕಂಕುಳಲ್ಲಿ ಅದೇ ಹಳೆಯ ದಪ್ಪ ಟ್ಯಾಬ್. ಅದನ್ನು ಪುಟ್ಟುವಿನ ಮುಂದೆ ಹಿಡಿದರೆ ತಳ್ಳಿಬಿಟ್ಟ. ಅದರ ಜಾಗಗಳನ್ನು ಅವನು ಮರೆತಿದ್ದ. ಮತ್ತೆ ಹೋಗಿ ಹೊಸದರ ಕಪ್ಪು ಅಂಚಿನ ಮೇಲಿನ ಮೂಲೆಯನ್ನೇ ಕುಟ್ಟಿದ.

ಅವರು ನೆಲದ ಮೇಲೆ ಕೂತು ಅವನ ಬೆರಳನ್ನೇ ನೋಡಿದರು. “ಆಟ ಕೇಳ್ತಿದಾನೆ. ಆ ಮೂಲೇಲಿ ಆಟ ಇತ್ತು. ಹೊರಗೆ ಕರ್ಕೊಂಡು ಹೋಗೋಣ ಬಾ ಕಣ್ಣಾ.”

ಅವರ ಮಾತು ಮುಗಿಯುವ ಮೊದಲೇ ನನಗೆ ಹೊಳೆಯಿತು. ದಿನವಿಡೀ ಆ ಬೆರಳಿನ ಹಿಂದೆ ಓಡಾಡುವವಳು ನಾನು. ಅವರ ಟ್ಯಾಬಿನಲ್ಲಿ ಆ ಮೂಲೆಯಲ್ಲಿ ಇದ್ದದ್ದು ಆಟ. ನಮ್ಮದರಲ್ಲಿ ಅಲ್ಲ.

“ಇಲ್ಲ ಟೀಚರ್” ಎಂದೆ. “ಹೊಸದರಲ್ಲಿ ಅಲ್ಲಿರೋದು ನೋವು. ನೋವು ಅಂತಿದಾನೆ. ಬೆಳಗ್ಗೆಯಿಂದ ಅದನ್ನೇ ಹೇಳ್ತಿದಾನೆ.”

ಅವರು ನನ್ನ ಕಡೆ ತಿರುಗಿದರು. ಆ ಮುಖ ನನಗೆ ಈಗಲೂ ಕಾಣುತ್ತದೆ. ಪಾಠ ತಪ್ಪಿದ ಮಗುವಿನ ಮುಖ. “ಅಪ್ಪಡಿಯಾ? ಹೌದಾ?” ಎಂದರು, ಅಷ್ಟೇ. ಆಮೇಲೆ ಅವರೇ ಅವನನ್ನು ಎತ್ತಿಕೊಂಡರು, ಎತ್ತಿಕೊಳ್ಳಬೇಡಿ ಎಂದು ನನಗೆ ಹೇಳಿದವರು. ಮೆಟ್ಟಿಲಿಳಿದು ಓಡಿದೆವು.

ಆಸ್ಪತ್ರೆಯಲ್ಲಿ ಕಿವಿ ನೋಡಿದರು. ಒಳಗೆ ಕೀವು ತುಂಬಿತ್ತು. ಇನ್ನೂ ತಡ ಮಾಡಿದ್ದರೆ ಕಿವಿಯ ತಮಟೆಯೇ ಹೋಗುತ್ತಿತ್ತು ಎಂದು ಡಾಕ್ಟರು ಗದರಿಸಿದರು. ಮಾತಿಲ್ಲದ ಮಗುವಿಗೆ ಕಿವಿಯೂ ಹೋಗಿದ್ದರೆ? ಔಷಧಿ ಹಾಕಿ, ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಅವನು ನಿದ್ದೆ ಹೋದ ಮೇಲೆ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಟೀಚರ್ ಕ್ಯಾಂಟೀನಿನಿಂದ ಕಾಫಿ ತಂದರು. ನನ್ನ ಕೈಗೆ ಒಂದು ಲೋಟ ಕೊಟ್ಟು ಪಕ್ಕದಲ್ಲಿ ಕೂತರು.

“ಒಂದು ಮಾತು ಹೇಳ್ಲಾ? ನಿಮ್ಮನ್ನ ಕಂಡ್ರೆ ನಂಗೆ ಆಗ್ತಿರ್ಲಿಲ್ಲ.”

“ಯಾಕೆ ಟೀಚರ್?”

“ಹೊಟ್ಟೆಕಿಚ್ಚು, ಇನ್ನೇನು” ಎಂದು ನಕ್ಕರು. “ನಿಮ್ಮೊಬ್ಬರ ಮೇಲೇ ಅಲ್ಲ, ಎಲ್ಲಾ ಅಮ್ಮಂದಿರ ಮೇಲೂನೂ. ವರ್ಷಗಟ್ಲೆ ಕೂತು ಒಂದು ಮಾತು ಹೊರಡಿಸ್ತೀನಿ. ಹೊರಟ ತಕ್ಷಣ ಮಗು ಬಾಗಿಲ ಕಡೆ ಓಡತ್ತೆ, ಅದನ್ನ ನಿಮಗೆ ಹೇಳೋಕೆ. ನನ್ನ ಹತ್ರ ಆಡೋದು ಪ್ರಾಕ್ಟೀಸು ಅಷ್ಟೇ ಅಮ್ಮಾ. ನಿಮ್ಮ ಹತ್ರ ಆಡೋದೇ ಮಾತು. ಇವತ್ತು ನೋಡಿ, ಪರದೇಲಿ ಏನೂ ಇಲ್ಲ, ಆದ್ರೂ ನಿಮಗೆ ಕೇಳಿಸ್ತು. ನಂಗೆ ಕೇಳಿಸ್ಲಿಲ್ಲ.”

ನನ್ನದನ್ನೂ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹೇಳಲಿಲ್ಲ. ಹೇಳಿದ್ದರೆ ಇಬ್ಬರೂ ಸಮ ಆಗಿಬಿಡುತ್ತಿದ್ದೆವು. ಆ ಹೊತ್ತಿನಲ್ಲಿ ನನಗೆ ಸಮ ಆಗುವುದು ಬೇಕಿರಲಿಲ್ಲ. ಕಾಫಿಯ ಕೊನೆಯ ಗುಟುಕನ್ನು ನಿಧಾನವಾಗಿ ಕುಡಿದೆ. ಬಹಳ ರುಚಿಯಾಗಿತ್ತು.

ಆಮೇಲೆ ಪುಟ್ಟು ಹಳೆಯ ಟ್ಯಾಬಿಗೇ ಮರಳಿದ. ಹೊಸ ಜಾಗಗಳಿಗೆ ತಕ್ಕಂತೆ ಟೀಚರ್ ಹಳೆಯದರ ಮನೆಗಳನ್ನು ಬದಲಾಯಿಸಿಕೊಟ್ಟರು. ಅದೂ ಬಹಳ ದಿನ ಬಾಳಲಿಲ್ಲ. ಅದರ ಬ್ಯಾಟರಿ ಊದಿಕೊಂಡು ಬೆನ್ನಿನ ಮುಚ್ಚಳ ಮೇಲೆದ್ದಿತು. “ಅಯ್ಯೋ, ನನ್ನ ದಪ್ಪದ್ದೂ ಹೋಯ್ತಲ್ಲ!” ಎಂದು ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಇವರೂ ಟೀಚರೂ ಸೇರಿ ಇನ್ನೊಂದನ್ನು ಹುಡುಕಿ ತಂದು ಟೀಚರ ದನಿಯನ್ನೆಲ್ಲ ಅದಕ್ಕೆ ತುಂಬಿಸಿದರು. ಅದಕ್ಕೆ ಇವರು ಅಂಗಡಿಯ ಅಲ್ಯೂಮಿನಿಯಂ ಪಟ್ಟಿಯಿಂದ ಒಂದು ಚೌಕಟ್ಟು ಮಾಡಿ ಕೂಡಿಸಿದರು. ಟೀಚರ್ ಒತ್ತಿ ನೋಡಿ, “ಇದು ಮಾತ್ರ ಬಗ್ಗಲ್ಲ ಸಾರ್” ಎಂದು ಮೆಚ್ಚಿದರು. ಉಳಿದ ಮಕ್ಕಳಿಗೂ ಅಂಥ ಚೌಕಟ್ಟು ಮಾಡಿಸಿದರು. ನನ್ನ ಗಂಡನನ್ನು ಅವರು ಅಷ್ಟೊಂದು ಹೊಗಳಿದ್ದೂ ನನಗೆ ಸ್ವಲ್ಪ ಚುಚ್ಚಿತು. ಏನು ಮಾಡುವುದು, ಅದು ಹಾಗೆಯೇ.

ಹೋದ ಮಾರ್ಗಶಿರದಲ್ಲಿ ಅವರು ತೀರಿಕೊಂಡರು. ಬೆಳಗಿನ ಹೊತ್ತು ಬಾಗಿಲಿಗೆ ರಂಗೋಲಿ ಹಾಕಿ ಒಳಗೆ ಬಂದು, ಎದೆ ನೋವು ಎಂದು ಅಕ್ಕನಿಗೆ ಹೇಳಿ ಕೂತವರು ಏಳಲಿಲ್ಲವಂತೆ. ತಾಯಂದಿರ ಗ್ರೂಪಿನಲ್ಲಿ ಸುದ್ದಿ ಬಂತು. ಪುಟ್ಟುವಿಗೆ ಹೇಗೆ ಹೇಳುವುದೋ ಗೊತ್ತಾಗಲಿಲ್ಲ. ಆ ಮಾತಿಗೆ ಅವನ ಟ್ಯಾಬಿನಲ್ಲಿ ಮನೆಯಿಲ್ಲ.

ವೈಕುಂಠ ಸಮಾರಾಧನೆಗೆ ಬನ್ನಿ ಎಂದು ಅಕ್ಕ ಕರೆದಿದ್ದರು. ಅವನನ್ನೂ ಕರೆದುಕೊಂಡು ಹೋದೆವು. ಕೆಳಗಿನ ಮನೆಯ ತುಂಬ ಜನ. ನೆಲದ ಮೇಲೆ ಸಾಲಾಗಿ ಬಾಳೆ ಎಲೆ ಹಾಕುತ್ತಿದ್ದರು. ಪುಟ್ಟು ಯಾರನ್ನೂ ನೋಡದೆ ಒಳಗಿನ ಕೋಣೆಗಳಲ್ಲೆಲ್ಲ ಹೊಕ್ಕು ಹೊರಬಂದ. ಮಹಡಿಗೆ ಹೋಗಿ ಇಳಿದು ಬಂದ. ಆಮೇಲೆ ಹಜಾರದ ನಡುವೆ ನಿಂತು ಒತ್ತಿದ.

“ಟೀಚರ್ ಬಾ.”

ಅವರ ದನಿ. ಹದವಾದ, ಸ್ವಲ್ಪ ಮೂಗಿನಲ್ಲಿ ಬರುವ ಆ ದನಿ. ಎಲೆ ಹಾಕುತ್ತಿದ್ದವರೊಬ್ಬರ ಕೈ ಹಾಗೆಯೇ ನಿಂತಿತು. ಯಾರೋ ಮುದುಕರು ಎದ್ದುನಿಂತರು. ಅಕ್ಕ ಅಡುಗೆಮನೆಯ ಬಾಗಿಲಿಗೆ ಓಡಿಬಂದು ಚೌಕಟ್ಟು ಹಿಡಿದುಕೊಂಡರು. “ಅವಳೇ” ಎಂದರು. “ಇನ್ನೊಂದ್ಸಲ ಒತ್ತು ಕಣ್ಣಾ. ಇನ್ನೊಂದೇ ಸಲ.”

ಪುಟ್ಟು ಯಾರು ಹೇಳಿದ್ದನ್ನೂ ಒತ್ತುವವನಲ್ಲ. ಎಲೆಗಳ ಸಾಲನ್ನು ನೋಡಿದ. “ಹಸಿವು” ಎಂದ.

“ಹಸಿವಾ?” ಅಕ್ಕ ಅಳುತ್ತಾ ನಕ್ಕರು. “ಬಾ, ಕೂತ್ಕೋ ಬಾ, ನಿಂಗೇ ಮೊದಲು.” ಎಲ್ಲರಿಗಿಂತ ಮೊದಲು ಅವನನ್ನು ಕೂರಿಸಿ ಪಾಯಸ ಬಡಿಸಿದರು. ಪಕ್ಕದಲ್ಲೇ ಕೂತು, ಅವನು ಇನ್ನೇನು ಕೇಳುತ್ತಾನೋ ಎಂದು ಕಾದರು. ಅವನು ನೀರು ಕೇಳಿದ. ಬೇಡ ಅಂದ. ಬೇಕು ಅಂದ. ಒಂದೊಂದು ಮಾತಿಗೂ ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಹೊರಡುವಾಗ ಅವರು ನನ್ನ ಕೈ ಹಿಡಿದುಕೊಂಡರು. “ಅವಳು ಫೋನಲ್ಲೂ ಜಾಸ್ತಿ ಮಾತಾಡ್ತಿರ್ಲಿಲ್ಲ. ನಮ್ಮ ಹತ್ರ ಅವಳ ದನಿ ಏನೂ ಇಲ್ಲಮ್ಮಾ. ಬೇರೆ ಮಕ್ಕಳದೆಲ್ಲ ತಮಿಳಿನ ಮೆಷಿನ್ ದನಿ. ನಿಮ್ಮನೇಲಿ ಮಾತ್ರ ಬೆಳಗಾದ್ರೆ ಮಾತಾಡ್ತಾಳೆ” ಎಂದರು. ಹೇಳುತ್ತಾ ನನ್ನ ಮುಖ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗುರುತಿತ್ತು. ಎಷ್ಟೋ ವರ್ಷ ಅದೇ ಕಣ್ಣಿನಿಂದ ನಾನು ಅವರ ತಂಗಿಯನ್ನು ನೋಡಿದ್ದೆ.

“ಪ್ರತಿ ಶನಿವಾರ ಕರ್ಕೊಂಡು ಬರ್ತೀನಿ ಅಕ್ಕಾ” ಎಂದೆ. ಆವತ್ತಿನಿಂದ ಶನಿವಾರ ಬಂದರೆ ನಾವು ಕ್ರೋಂಪೇಟೆಗೆ ಹೋಗುತ್ತೇವೆ. ಅಕ್ಕ ಏನಾದರೂ ತಿಂಡಿ ಮಾಡಿಟ್ಟುಕೊಂಡು ಬಾಗಿಲಲ್ಲೇ ಕಾದಿರುತ್ತಾರೆ. ಅವನಿಗೆ ಬೇಕಾದ್ದನ್ನು ತಟ್ಟೆಗೆ ಹಾಕದೆ, ಅವನೇ ಕೇಳಲಿ ಎಂದು ಡಬ್ಬಿ ಹಿಡಿದುಕೊಂಡು ನಿಲ್ಲುತ್ತಾರೆ. ಅವನು ಕೇಳುತ್ತಾನೆ. ಅವರಿಬ್ಬರನ್ನೂ ಅವರ ಪಾಡಿಗೆ ಬಿಟ್ಟು ನಾನು ಹೊರಗೆ ಜಗಲಿಯ ಮೇಲೆ ಕೂತುಕೊಳ್ಳುತ್ತೇನೆ.